ಅಕ್ಕಿಯ ಚೀಲವೂ ಕೂಲಿಯ ಲೆಕ್ಕವೂ: ‘ದಿಲೆಕ್ಸಿ ತೇ’ ಓದಿದ ಮೇಲೆ



ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 2025ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ತಮ್ಮ ಮೊದಲ ಪ್ರೇಷಿತ ಪ್ರಬೋಧನಾ ಪತ್ರಕ್ಕೆ ಸಹಿ ಹಾಕಿದರು. ‘ದಿಲೆಕ್ಸಿ ತೇ’ ಎಂಬುದು ಅದರ ಲತೀನ್ ಶೀರ್ಷಿಕೆ. ಪ್ರಕಟನಾ ಗ್ರಂಥದಲ್ಲಿ ಕ್ರಿಸ್ತರು ಬಲವಿಲ್ಲದ ಒಂದು ಪುಟ್ಟ ಸಭೆಗೆ ತಮ್ಮ ಪ್ರೀತಿಯನ್ನು ತಿಳಿಸುವ ಮಾತಿನಿಂದ ಆ ಶೀರ್ಷಿಕೆ ಬಂದಿದೆ. ದಿವಂಗತ ಜಗದ್ಗುರು ಫ್ರಾನ್ಸಿಸರು ತಮ್ಮ ಕೊನೆಯ ದಿನಗಳಲ್ಲಿ ಸಿದ್ಧಪಡಿಸುತ್ತಿದ್ದ ಬರಹವನ್ನು ಉತ್ತರಾಧಿಕಾರಿಗಳು ತಮ್ಮದಾಗಿಸಿಕೊಂಡು ಪೂರ್ಣಗೊಳಿಸಿದ್ದಾರೆ. ಬಡವರ ಮೇಲಿನ ಪ್ರೀತಿಯೇ ಅದರ ವಿಷಯ.

ಇಂಥ ಪತ್ರಗಳು ಬಂದಾಗ ನಾವು ಗುರುಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ಒಂದೋ ಅದರಿಂದ ನಾಲ್ಕು ಒಳ್ಳೆಯ ವಾಕ್ಯಗಳನ್ನು ಆರಿಸಿ ಭಾನುವಾರದ ಪ್ರಬೋಧನೆಗೆ ಸೇರಿಸಿಕೊಳ್ಳುತ್ತೇವೆ. ಇಲ್ಲವೇ ಗೌರವದಿಂದ ಕಪಾಟಿನಲ್ಲಿಡುತ್ತೇವೆ. ಗುರುಮಠದಲ್ಲಿ ನಮಗೆ ಕಲಿಸಿದ್ದು ಮೂರನೆಯ ದಾರಿ. ಪತ್ರವೊಂದನ್ನು ಅದು ಹುಟ್ಟಿದ ಕಾಲದ ಹಿನ್ನೆಲೆಯಲ್ಲಿಯೂ ನಾವು ನಿಂತ ನೆಲದ ಮೇಲೆಯೂ ಓದಿ ತೂಗಿ ನೋಡಬೇಕು ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದರು. ತೂಗುವುದು ಅವಿಧೇಯತೆಯಲ್ಲ; ತೂಗದೆ ಹೊಗಳುವುದು ವಿಧೇಯತೆಯೂ ಅಲ್ಲ. ನಾನು ಈ ಪತ್ರವನ್ನು ಓದಿದ್ದು ಗುಂಡ್ಲುಪೇಟೆಯ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹಾಗೆ ಓದಿದಾಗ ಮೆಚ್ಚಿಕೆಯಾದದ್ದು ಬಹಳವಿದೆ, ಸಾಲದು ಎನಿಸಿದ್ದೂ ಇದೆ. ಅದಕ್ಕೆ ಮೊದಲು, ನನ್ನ ತಕ್ಕಡಿ ಯಾವುದೆಂದು ತಿಳಿಸಲು ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ.

ಅವಳು ಕೇಳಿದ್ದು

ಜಗದ್ಗುರು ಫ್ರಾನ್ಸಿಸರು ಸ್ಥಾಪಿಸಿದ ‘ಬಡವರ ವಿಶ್ವ ದಿನ’ವನ್ನು 2017ರಿಂದ ಪ್ರತಿ ನವೆಂಬರಿನಲ್ಲಿ ಆಚರಿಸುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಆ ಭಾನುವಾರ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಬಲಿಪೂಜೆಯ ನಂತರ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದೆವು. ಯುವಜನರು ಉತ್ಸಾಹದಿಂದ ಕೆಲಸ ಮಾಡಿದರು, ಫೋಟೋಗಳಾದವು. ಎಲ್ಲರೂ ಹೋದ ಮೇಲೆ ಒಬ್ಬ ಹೆಂಗಸು ಮಾತ್ರ ಚೀಲವನ್ನು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು. ಹೊಲಗೆಲಸಕ್ಕೆ ಹೋಗುವವಳು. ತಡೆತಡೆದು ಹೀಗೆಂದಳು: “ಅಕ್ಕಿಯ ಸೊಸೈಟಿಲಿ ಕೊಡ್ತರ ಸ್ವಾಮಿ. ಮೂರು ವಾರದ ಕೂಲಿ ನಿಂತೋಗದ. ನಿಮ್ಮ ಮಾತಾದ್ರ ಕೇಳ್ತರ, ಒಂದು ಮಾತ ಹೇಳಿ.”

ಕೂಲಿ ಕೊಡಬೇಕಾಗಿದ್ದವರು ಯಾರೆಂದು ನನಗೆ ಗೊತ್ತಿತ್ತು. ನಾವು ಹಂಚಿದ ಅಕ್ಕಿಯಲ್ಲಿ ಹಲವು ಚೀಲಗಳು ಅವರ ಕೊಡುಗೆಯೇ ಆಗಿದ್ದವು. “ನೋಡೋಣಮ್ಮ, ಪ್ರಾರ್ಥಿಸೋಣ” ಎಂದೆ. ಅವಳು ಚೀಲವನ್ನು ಎತ್ತಿಕೊಂಡು ಹೊರಟಳು. ಆ ‘ನೋಡೋಣ’ ಎಂಬ ಮಾತಿನಲ್ಲಿದ್ದದ್ದು ಭಯವೆಂದು ನನಗೆ ಆಗಲೇ ಗೊತ್ತಿತ್ತು, ಅವಳಿಗೂ ಗೊತ್ತಾಗಿರಬೇಕು.

ಬಡವರ ಬಗ್ಗೆ ಧರ್ಮಸಭೆ ಬರೆಯುವ ಯಾವ ಪತ್ರವನ್ನು ಓದಿದರೂ ನಾನು ಈಗ ಆ ಮೆಟ್ಟಿಲ ಮೇಲೆ ನಿಂತು ಓದುತ್ತೇನೆ. ಆ ದಿನ ಇದು ನನ್ನ ಕೈಯಲ್ಲಿದ್ದಿದ್ದರೆ ನನ್ನ ನಾಲಿಗೆಯನ್ನು ಬಿಡಿಸುತ್ತಿತ್ತೆ ಎಂಬುದೇ ನನ್ನ ಪ್ರಶ್ನೆ.

ಪತ್ರದ ಬಲ

‘ದಿಲೆಕ್ಸಿ ತೇ’ ಐದು ಅಧ್ಯಾಯಗಳ, 121 ಪರಿಚ್ಛೇದಗಳ ಪತ್ರ. ಮೊದಲೆರಡು ಅಧ್ಯಾಯಗಳು ಬಡವರ ಮೊರೆಯನ್ನೂ, ದೇವರು ಬಡವರ ಪಕ್ಷ ವಹಿಸುವುದನ್ನು ಪವಿತ್ರ ಗ್ರಂಥ ಹೇಗೆ ತೋರಿಸುತ್ತದೆಂಬುದನ್ನೂ ವಿವರಿಸುತ್ತವೆ. ಮೂರನೆಯ ಅಧ್ಯಾಯವೇ ಎಲ್ಲಕ್ಕಿಂತ ದೀರ್ಘವಾದುದು. ರೋಮಿನ ಉಪಯಾಜಕ ಸಂತ ಲಾರೆನ್ಸರು ಧರ್ಮಸಭೆಯ ನಿಧಿಯನ್ನು ತೋರಿಸೆಂದ ಅಧಿಕಾರಿಗಳ ಮುಂದೆ ಬಡವರನ್ನು ಕರೆತಂದು ನಿಲ್ಲಿಸಿದ ಕಥೆಯಿಂದ ಹಿಡಿದು, ಸಂತ ಯೊವಾನ್ನ ಕ್ರಿಸೋಸ್ತೊಮರ ಪ್ರಬೋಧನೆಗಳು, ಆಸ್ಪತ್ರೆ ಕಟ್ಟಿದ ಸಭೆಗಳು, ಸೆರೆಯಾಳುಗಳನ್ನು ಬಿಡಿಸಿದವರು, ಬಡಮಕ್ಕಳಿಗೆ ಶಾಲೆ ತೆರೆದವರು, ವಲಸಿಗರ ಜೊತೆ ನಡೆದವರು, ನಮ್ಮ ಕಲ್ಕತ್ತೆಯ ಸಂತ ತೆರೇಸರವರೆಗೆ ಎರಡು ಸಾವಿರ ವರ್ಷಗಳ ಸೇವೆ ಇಲ್ಲಿ ಮೆರವಣಿಗೆಯಂತೆ ಸಾಗುತ್ತದೆ. ಬಡವರ ಸೇವೆ ಧರ್ಮಸಭೆಗೆ ಯಾರೋ ಇತ್ತೀಚೆಗೆ ಹೊರಗಿನಿಂದ ತಂದು ಸೇರಿಸಿದ್ದು ಎನ್ನುವವರಿಗೆ ಈ ಅಧ್ಯಾಯ ಸಾಕಷ್ಟು ಉತ್ತರವಾಗಿದೆ.

ನಾಲ್ಕನೆಯ ಅಧ್ಯಾಯ ಹದಿಮೂರನೆಯ ಲಿಯೋ ಅವರು 1891ರಲ್ಲಿ ಬರೆದ ‘ರೇರುಮ್ ನೋವಾರುಮ್’ನಿಂದ ಆರಂಭವಾದ ಸಾಮಾಜಿಕ ಬೋಧನೆಯನ್ನು ಮುಂದುವರಿಸುತ್ತದೆ. ಎರಡನೆಯ ಜಾನ್ ಪೌಲರು 1987ರ ತಮ್ಮ ವಿಶ್ವಪತ್ರದಲ್ಲಿ ವಿವರಿಸಿದ ‘ಪಾಪದ ರಚನೆಗಳು’ ಎಂಬ ವಿಚಾರ ಇಲ್ಲಿ ಮತ್ತೆ ಬರುತ್ತದೆ. ನನ್ನ ದುರಾಸೆ, ನಿಮ್ಮ ಮೌನ, ಮತ್ತೊಬ್ಬರ ಭಯ ಇವೆಲ್ಲ ಸೇರಿ ಕಾಲಾಂತರದಲ್ಲಿ ಒಂದು ವ್ಯವಸ್ಥೆಯಾಗಿ ಗಟ್ಟಿಯಾಗುತ್ತವೆ. ಆಮೇಲೆ ಅದನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ, ಎಲ್ಲರೂ ಅದರೊಳಗೆ ಬದುಕುತ್ತಾರೆ. ಬಡವರನ್ನು ಕೈಚಾಚುವ ಪಾತ್ರಗಳಂತೆ ಕಾಣದೆ, ಯೋಚಿಸುವ, ಸಂಘಟಿತರಾಗುವ, ನಮಗೆ ಶುಭಸಂದೇಶವನ್ನು ಕಲಿಸುವ ವ್ಯಕ್ತಿಗಳಾಗಿ ಕಾಣಬೇಕೆಂದು ಈ ಅಧ್ಯಾಯ ಒತ್ತಿ ಹೇಳುತ್ತದೆ. ಪತ್ರದ ಅತ್ಯುತ್ತಮ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಪೆರು ದೇಶದಲ್ಲಿ ಧರ್ಮಪ್ರಚಾರಕರಾಗಿಯೂ ಧರ್ಮಾಧ್ಯಕ್ಷರಾಗಿಯೂ ಬಡವರ ನಡುವೆ ಇದ್ದವರ ಅನುಭವ ಈ ಪುಟಗಳ ಹಿಂದಿರಬಹುದು.

ಮೊದಲ ಆಕ್ಷೇಪ: ಒತ್ತು ಎಲ್ಲಿ ಬೀಳುತ್ತದೆ?

ಐದನೆಯ ಅಧ್ಯಾಯ ದಯಾಳು ಸಮಾರಿಯದವನ ಸಾಮತಿಯನ್ನು ಧ್ಯಾನಿಸಿ, ಭಿಕ್ಷಾದಾನದ ಸಮರ್ಥನೆಗೆ ಬಂದು ಮುಗಿಯುತ್ತದೆ. ಬಡವನಿಗೆ ಒಳ್ಳೆಯ ಉದ್ಯೋಗ ದೊರಕಿಸುವುದೇ ಶ್ರೇಷ್ಠ ಸಹಾಯವೆಂದು ಪತ್ರ ಒಪ್ಪುತ್ತದೆ. ಆದರೆ ಅದು ಸಾಧ್ಯವಾಗುವವರೆಗೆ ಕೈಯಿಂದ ಕೈಗೆ ಕೊಡುವ ದಾನವನ್ನು ಬಿಡಬಾರದು, ಅದು ನಮ್ಮನ್ನು ಬಡವನ ಮುಖದ ಮುಂದೆ ನಿಲ್ಲಿಸುತ್ತದೆ ಎನ್ನುತ್ತದೆ. ಕಟ್ಟಕಡೆಯ ಪರಿಚ್ಛೇದದಲ್ಲಿ ಅನ್ಯಾಯದ ಸಾಮಾಜಿಕ ರಚನೆಗಳನ್ನು ಬದಲಿಸುವ ಪ್ರಯತ್ನವನ್ನೂ ಸರಳವಾದ ಸಹಾಯವನ್ನೂ ಒಟ್ಟಿಗೆ ಹೆಸರಿಸುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪತ್ರದ ರಚನೆಗೂ ಒಂದು ಮಾತಿದೆ. ಉದ್ದನೆಯ ಅಧ್ಯಾಯ ಸಂತರ ಸೇವೆಗೆ ಸಂದಿದೆ, ಮುಕ್ತಾಯದ ಒತ್ತು ದಾನಕ್ಕೆ ಬಿದ್ದಿದೆ. ಕಾರಣಗಳ ವಿಚಾರ ನಡುವೆ ಸಿಲುಕಿಕೊಂಡಿದೆ. ಪಾಶ್ಚಾತ್ಯ ದೇಶಗಳಲ್ಲಿ ಭಿಕ್ಷೆ ಕೊಡುವುದನ್ನೇ ಹೀಗಳೆಯುವವರಿಗೆ ಈ ಸಮರ್ಥನೆ ಬೇಕಿರಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ದಾನಕ್ಕೆ ವಿರೋಧಿಗಳೇ ಇಲ್ಲ! ತಪಸ್ಸುಕಾಲ ಬಂದರೆ, ಕ್ರಿಸ್ಮಸ್ ಬಂದರೆ, ನಮ್ಮ ಕುಟುಂಬಗಳು ಉದಾರವಾಗಿ ಕೊಡುತ್ತವೆ. ನಮ್ಮ ರೋಗ ಬೇರೆ. ದಾನವೇ ನಮ್ಮ ಮೊದಲ ಮಾತೂ ಕೊನೆಯ ಮಾತೂ ಆಗಿಬಿಟ್ಟಿದೆ. ಅಂಥ ಓದುಗನು ಈ ಪತ್ರವನ್ನು ಮುಗಿಸಿದಾಗ ‘ನಾವು ಮಾಡುತ್ತಿರುವುದೇ ಸರಿ’ ಎಂಬ ಸಮಾಧಾನದಿಂದ ಪುಸ್ತಕ ಮುಚ್ಚುವ ಅಪಾಯವಿದೆ.

ಈ ವಿಷಯದಲ್ಲಿ ಅರುವತ್ತು ವರ್ಷ ಹಳೆಯದಾದ ಒಂದು ದಾಖಲೆ ಹೆಚ್ಚು ನೇರವಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರಿನಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತಕಾರ್ಯದ ಕುರಿತು ಹೊರಡಿಸಿದ ಆದೇಶಪತ್ರದ ಎಂಟನೆಯ ಪರಿಚ್ಛೇದವನ್ನು ದಯವಿಟ್ಟು ಹುಡುಕಿ ಓದಿ. ಅದರ ತಾತ್ಪರ್ಯ ಇಷ್ಟು: ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಬಾರದು, ಕೇಡಿನ ಪರಿಣಾಮವನ್ನು ಮಾತ್ರವಲ್ಲದೆ ಅದರ ಕಾರಣವನ್ನೂ ನಿವಾರಿಸಬೇಕು, ಸಹಾಯ ಪಡೆದವನು ಕ್ರಮೇಣ ಸಹಾಯದ ಹಂಗಿನಿಂದಲೇ ಬಿಡುಗಡೆ ಹೊಂದುವಂತೆ ಕೊಡಬೇಕು. ಮೆಟ್ಟಿಲ ಮೇಲೆ ನಿಂತ ಆ ಹೆಂಗಸಿಗೂ ನನಗೂ ನಡುವೆ ನಡೆದದ್ದನ್ನು ಯಾರೋ ಕಂಡು ಬರೆದಂತಿದೆ. ಕೂಲಿಯಾಗಿ ಬರಬೇಕಾದದ್ದು ಅಂದು ಅಕ್ಕಿಯಾಗಿ, ಅದೂ ನನ್ನ ಕೈಯಿಂದ, ಬಂದಿತ್ತು.

ಎರಡನೆಯ ಆಕ್ಷೇಪ: ಯಾವ ಊರಿನ ಬಡತನ?

ಪತ್ರ ಲೋಕಕ್ಕೆಲ್ಲ ಬರೆದದ್ದು. ಆದುದರಿಂದ ಅದರ ಬಡತನಕ್ಕೆ ಊರಿಲ್ಲ. ನಮ್ಮ ಬಡತನಕ್ಕೆ ಊರಿದೆ.

ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಒಡೆದು ಒಂದು ಊಟಿಯ ಕಡೆಗೂ ಇನ್ನೊಂದು ವಯನಾಡಿನ ಕಡೆಗೂ ಹೋಗುತ್ತದೆ. ಮಳೆಗಾಲದಲ್ಲಿ ಈ ದಾರಿಗಳ ಎರಡೂ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳುತ್ತವೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಹೂವಿನ ನಡುವೆ ಬಗ್ಗಿ ಕೊಯ್ಯುವವಳು ಚಿತ್ರದಲ್ಲಿ ಬೀಳುವುದಿಲ್ಲ. ಚೆಂಡುಹೂವನ್ನು ಬಣ್ಣ ತೆಗೆಯುವ ಕಂಪನಿಗಳಿಗೆ ಮುಂಗಡ ಒಪ್ಪಂದದ ಮೇಲೆ ಬೆಳೆಯುತ್ತಾರೆ. ಬೆಲೆ ನಿಗದಿಯಾಗುವುದು ಹೊಲದಲ್ಲಲ್ಲ. ತರಕಾರಿ ಗಡಿ ದಾಟಿ ಕೇರಳಕ್ಕೆ ಹೋಗುತ್ತದೆ. ಅಲ್ಲಿಂದ ಬಂದವರು ಇಲ್ಲಿ ಭೂಮಿಯನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಸಣ್ಣ ಹಿಡುವಳಿದಾರ ಕೊಳವೆಬಾವಿ ಬತ್ತಿದ ವರ್ಷ ತನ್ನದೇ ಹೊಲವನ್ನು ಗುತ್ತಿಗೆಗೆ ಕೊಟ್ಟು, ಅದೇ ಹೊಲದಲ್ಲಿ ಕೂಲಿಗೆ ನಿಲ್ಲುವುದುಂಟು. ಬೆಟ್ಟಗಳ ಮರೆಯ ಮಳೆನೆರಳಿನ ನಾಡು ಇದು. ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ಈ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಯೋಜನೆ ಬಂದಾಗ ಅಂತರ್ಜಲ ಏರಿದ ಊರುಗಳ ಜನರನ್ನು ಮಾತನಾಡಿಸಿ ನೋಡಿ. ನೂರು ಅಕ್ಕಿಯ ಚೀಲ ಮಾಡಲಾಗದ ಕೆಲಸವನ್ನು ಒಂದು ತುಂಬಿದ ಕೆರೆ ಮಾಡುತ್ತದೆ ಎನ್ನುತ್ತಾರೆ.

ಕಾಡಿನಂಚಿನ ಕಥೆ ಬೇರೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ ಕಾಡನ್ನೇ ನಂಬಿದ್ದ ಜೇನುಕುರುಬರು, ಸೋಲಿಗರು ಅಂಚಿನ ಹಾಡಿಗಳಿಗೆ ಬಂದು ಕೂಲಿಯಾಳುಗಳಾದರು. ಹುಲಿ ಉಳಿಯಬೇಕು, ಸರಿ. ಅದರ ಬೆಲೆಯನ್ನು ಅವರೊಬ್ಬರೇ ಏಕೆ ತೆರಬೇಕು? ಗುಡ್ಡಗಳ ಕಥೆಯೂ ಇದೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲಿನ ಗಣಿಯಲ್ಲಿ ಗುಡ್ಡ ಕುಸಿದು ಕೂಲಿಗೆ ಬಂದಿದ್ದ ಕಾರ್ಮಿಕರು ಕಲ್ಲಿನಡಿ ಸತ್ತರು.

ಜಾತಿಯ ಮಾತನ್ನು ಬಿಟ್ಟರೆ ಈ ಸೀಮೆಯ ಬಡತನವನ್ನು ಹೇಳಿದಂತೆಯೇ ಆಗುವುದಿಲ್ಲ. ಯಾರ ಹೆಸರಿನಲ್ಲಿ ಭೂಮಿಯಿದೆ, ಯಾರ ಹೆಸರಿನಲ್ಲಿ ಇಲ್ಲ ಎಂಬುದನ್ನು ಬಹುಮಟ್ಟಿಗೆ ಜಾತಿಯೇ ತೀರ್ಮಾನಿಸಿದೆ. ಪತ್ರದಲ್ಲಿ ಇದರ ವಿಸ್ತಾರವಾದ ವಿವೇಚನೆಯಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆಯ ಆಚರಣೆ ಉಳಿದಿರುವುದನ್ನು ಒಪ್ಪಿಕೊಂಡು ತಲೆಬಾಗಿಸಿತು. ನಮ್ಮ ಎಷ್ಟು ಧರ್ಮಕೇಂದ್ರಗಳಲ್ಲಿ ಆ ನೀತಿಯನ್ನು ಓದಿ ಹೇಳಿದ್ದೇವೆ? ನಾನು ಹೇಳಿರಲಿಲ್ಲ.

ಹಾಗಾದರೆ ಇದು ಪತ್ರದ ದೋಷವೇ? ಇಲ್ಲಿ ನನ್ನ ಆಕ್ಷೇಪ ನನ್ನ ಕಡೆಗೇ ತಿರುಗುತ್ತದೆ. ಆರನೆಯ ಪೌಲರು 1971ರಲ್ಲಿ, ‘ರೇರುಮ್ ನೋವಾರುಮ್’ನ ಎಂಬತ್ತನೆಯ ವರ್ಷದ ಸ್ಮರಣೆಗೆ ಬರೆದ ಪತ್ರದಲ್ಲಿ, ಲೋಕದ ಎಲ್ಲ ಪರಿಸ್ಥಿತಿಗಳಿಗೂ ಒಪ್ಪುವ ಒಂದೇ ಮಾತನ್ನು ಆಡುವುದು ತಮ್ಮಿಂದ ಕಷ್ಟವೆಂದೂ, ಆಯಾ ನಾಡಿನ ಕ್ರೈಸ್ತ ಸಮುದಾಯಗಳೇ ತಮ್ಮ ಸ್ಥಿತಿಯನ್ನು ಶುಭಸಂದೇಶದ ಬೆಳಕಿನಲ್ಲಿ ಪರಿಶೀಲಿಸಿ ದಾರಿ ಕಂಡುಕೊಳ್ಳಬೇಕೆಂದೂ ತಿಳಿಸಿದ್ದರು. ರೋಮಿನಿಂದ ಗುಂಡ್ಲುಪೇಟೆಯ ಅಧ್ಯಾಯ ಬರುವುದಿಲ್ಲ. ಅದನ್ನು ಬರೆಯಬೇಕಾದವರು ನಾವು.

ಎದುರು ಪಕ್ಷದ ತಪ್ಪು

ಇಷ್ಟು ಓದಿದ ಕೆಲವರು, ‘ಅಕ್ಕಿ ಕೊಡುವುದನ್ನು ನಿಲ್ಲಿಸಿ, ಕಾರಣಗಳನ್ನು ಮಾತ್ರ ನೋಡೋಣ’ ಎನ್ನಬಹುದು. ನನ್ನ ಯೌವನದಲ್ಲಿ ನಾನೂ ಹಾಗೆಯೇ ವಾದಿಸುತ್ತಿದ್ದೆ. ಈಗ ಒಪ್ಪಲಾರೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ಮೃತಪಟ್ಟರು. ಆ ರಾತ್ರಿ ಬೇಕಾಗಿದ್ದದ್ದು ಸಿಲಿಂಡರ್, ಆರೋಗ್ಯ ವ್ಯವಸ್ಥೆಯ ಕುರಿತ ಪ್ರಬಂಧವಲ್ಲ. ಆದರೆ ಮರುದಿನದಿಂದ ಬೇಕಾಗಿದ್ದದ್ದು ‘ಏಕೆ ಹೀಗಾಯಿತು’ ಎಂದು ಕೇಳುವ ಧ್ವನಿ. ಮೊದಲನೆಯದನ್ನು ಮಾಡದವನಿಗೆ ಎರಡನೆಯದನ್ನು ಕೇಳುವ ಅಧಿಕಾರ ಇರುವುದಿಲ್ಲ. ಮೊದಲನೆಯದಕ್ಕೇ ನಿಂತವನು ಮುಂದಿನ ಸಾವಿಗೆ ದಾರಿ ಬಿಟ್ಟಂತಾಗುತ್ತದೆ. ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಎಷ್ಟೇ ನ್ಯಾಯವಾದ ಸಮಾಜದಲ್ಲಿಯೂ ಪ್ರೀತಿಯ ಸೇವೆ ಅನಗತ್ಯವಾಗುವುದಿಲ್ಲವೆಂದು ಹೇಳುತ್ತಲೇ, ನ್ಯಾಯದ ಹೋರಾಟದಲ್ಲಿ ಧರ್ಮಸಭೆ ಬದಿಗೆ ನಿಲ್ಲಲಾಗದು ಎಂದಿದ್ದರು.

ಎರಡೂ ಹೇಗೆ ಕೂಡುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ವೈದ್ಯರಾಗಿ ಸೋಲಿಗರ ನಡುವೆ ಕೆಲಸ ಆರಂಭಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ರೂಪುಗೊಂಡಿತು. ಔಷಧಿಯಿಂದ ಶಾಲೆಗೆ, ಶಾಲೆಯಿಂದ ಸಂಘಟನೆಗೆ ಆ ಕೆಲಸ ಬೆಳೆಯಿತು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರೇ ತಮ್ಮ ಸಂಘದ ಮೂಲಕ ಅರ್ಜಿ ಹಾಕಿ, 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳನ್ನು ಪಡೆದರು. ಅವರು ನಮ್ಮ ಧರ್ಮದವರಲ್ಲ. ನಮಗೆ ಪಾಠ ಹೇಳಲು ಅದು ಅಡ್ಡಿಯೂ ಅಲ್ಲ. ನಮ್ಮವರೂ ಕೈಕಟ್ಟಿ ಕುಳಿತಿಲ್ಲ. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಯ ಭಗಿನಿಯರು ಹಳ್ಳಿಗರಿಗೆ ಚಿಕಿತ್ಸೆ ನೀಡುತ್ತ ಬಂದಿದ್ದಾರೆ. ಮೈಸೂರು ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆಯಾದ ಒ.ಡಿ.ಪಿ. ಹೆಂಗಸರನ್ನು ಸ್ವಸಹಾಯ ಸಂಘಗಳಲ್ಲಿ ಒಂದುಗೂಡಿಸಿದೆ. ಲೆಕ್ಕದ ಪುಸ್ತಕ ತಾನೇ ಬರೆಯಲು ಕಲಿತ ಹೆಂಗಸು ತನ್ನ ಕೂಲಿಯ ಲೆಕ್ಕವನ್ನೂ ಕೇಳಲು ಕಲಿಯುತ್ತಾಳೆ.

ನಮ್ಮ ಮನೆಯ ಲೆಕ್ಕ

ಆ ಹೆಂಗಸಿನ ವಿಷಯ ಏನಾಯಿತೆಂದು ನೀವು ಕೇಳಬಹುದು. ಎರಡು ವಾರ ನಿದ್ದೆಗೆಟ್ಟ ಮೇಲೆ ನಾನು ಆ ಹಿರಿಯರ ಮನೆಗೆ ಹೋದೆ. ಕಾಫಿ ಕೊಟ್ಟರು. ವಿಷಯ ತೆಗೆದಾಗ ಮುಖ ಗಂಟಾಯಿತು. “ಮೇಸ್ತ್ರಿಗೆ ಕೊಟ್ಟುಬಿಟ್ಟಿದ್ದೇನೆ ಫಾದರ್, ಅವನನ್ನು ಕೇಳಿ” ಎಂದರು. ಮೇಸ್ತ್ರಿ ಅವರನ್ನು ಕೇಳಿ ಎಂದ. ನಾಲ್ಕು ಸಲ ಓಡಾಡಿದ ಮೇಲೆ ಕೂಲಿಯ ಒಂದು ಪಾಲು ಬಂದಿತು, ಉಳಿದದ್ದು ಬರಲಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ಅವರ ಕಾಣಿಕೆ ಬರಲಿಲ್ಲ. ಆ ಹೆಂಗಸನ್ನು ಮತ್ತೆ ಆ ಹೊಲಕ್ಕೆ ಕೂಲಿಗೆ ಕರೆಯಲೂ ಇಲ್ಲ. ಒಬ್ಬ ಗುರುವಿನ ಒಂದು ಮಾತು ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಆಗ ಕಲಿತೆ. ಹತ್ತು ಕುಟುಂಬಗಳು ನನ್ನ ಜೊತೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅದನ್ನು ನಾನು ಅವರಲ್ಲಿ ಕೇಳಿಯೇ ಇರಲಿಲ್ಲ.

ಅದಕ್ಕಿಂತ ನನ್ನನ್ನು ನಾಚಿಸಿದ್ದು ಮೇಸ್ತ್ರಿಯ ಒಂದು ಮಾತು. “ನಿಮ್ಮ ಗುಡಿಯ ಕಸ ಗುಡಿಸೋಳಿಗೆ ಎಷ್ಟು ಕೊಡ್ತೀರಿ ಸ್ವಾಮಿ?” ಎಂದು ಅವನು ಕೇಳಿದ. ಹಿಂದಿರುಗಿ ಲೆಕ್ಕದ ಪುಸ್ತಕ ತೆಗೆದೆ. ಹತ್ತಾರು ವರ್ಷಗಳಿಂದ ಆಕೆಗೆ ಕೊಡುತ್ತಿದ್ದದ್ದು ‘ಕೊಡುಗೆ’ಯ ಕಲಮಿನಲ್ಲಿತ್ತು, ‘ಸಂಬಳ’ದ ಕಲಮಿನಲ್ಲಿರಲಿಲ್ಲ. ದೇಶದಲ್ಲಿ ಕನಿಷ್ಠ ಕೂಲಿಯ ಕಾಯಿದೆ ಬಂದದ್ದು 1948ರಲ್ಲಿ. ನಮ್ಮ ಪುಸ್ತಕಕ್ಕೆ ಅದು ಇನ್ನೂ ತಲುಪಿರಲಿಲ್ಲ. ತಿದ್ದಿದೆವು. ತಿದ್ದುವುದಕ್ಕೆ ಪಾಲನಾ ಸಮಿತಿಯಲ್ಲಿ ಎರಡು ಸಭೆಗಳೂ ಒಂದಿಷ್ಟು ಬಿರುಸು ಮಾತುಗಳೂ ಬೇಕಾದವು.

ಆದುದರಿಂದ, ವಾಚಕರೇ, ‘ದಿಲೆಕ್ಸಿ ತೇ’ಯನ್ನು ಓದಿ. ಒಬ್ಬರೇ ಓದಬೇಡಿ, ಮನೆಯವರು ಕೂಡಿ, ನಿಮ್ಮ ಕಿರುಕ್ರೈಸ್ತ ಸಮುದಾಯದಲ್ಲಿ ಕೂಡಿ ಓದಿ. ನಾಲ್ಕನೆಯ ಅಧ್ಯಾಯವನ್ನು ಎರಡು ಸಲ ಓದಿ. ಓದಿದ ಮೇಲೆ ಮನೆಯಲ್ಲಿ ಕೆಲಸ ಮಾಡುವವರ, ಹೊಲಕ್ಕೆ ಬರುವವರ ಲೆಕ್ಕವನ್ನು ತೆಗೆದು ನೋಡಿ. ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿ, ಆಮೇಲೆ ದಾನದ ಮಾತು. ಹೊಲ ಕೊಯ್ದವರಿಗೆ ಕೊಡದೆ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದ್ದಾರೆ. ದೇವರ ಕಿವಿಗೆ ಮುಟ್ಟಿದ ಕೂಗು ದೇವಾಲಯದ ಮೆಟ್ಟಿಲ ಮೇಲೆ ನಿಂತವನ ಕಿವಿಗೆ ಮುಟ್ಟಲಿಲ್ಲವೆಂದರೆ ನಂಬುವವರು ಯಾರು?

ಆ ಹೆಂಗಸು ಈಗಲೂ ಬಲಿಪೂಜೆಗೆ ಬರುತ್ತಾಳಂತೆ. ಅಕ್ಕಿಯ ಚೀಲವನ್ನೂ ತೆಗೆದುಕೊಳ್ಳುತ್ತಾಳಂತೆ. ಅವಳ ಉಳಿದ ಕೂಲಿ ನನ್ನ ಲೆಕ್ಕದಲ್ಲಿ ಇನ್ನೂ ಬಾಕಿಯಿದೆ.